ಐದು ವರ್ಷ ವಾರಂಟಿ ಇದ್ದರೆ ಕಾರಿನ ಚಿಂತೆ ಇಲ್ಲವೇ? ಫಾರ್ವರ್ಡ್‌ಗಳು ಹೇಳದ ಲೆಕ್ಕ ಇಲ್ಲಿದೆ

ದಸರಾ, ದೀಪಾವಳಿ ಹತ್ತಿರ ಬಂದರೆ ಸಾಕು, ಕಾರು ಕೊಳ್ಳುವವರಿಗೆ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ‘ವಾರಂಟಿ ಜಾಸ್ತಿ ಇರುವ ಕಾರೇ ಗಟ್ಟಿ’, ‘ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ರದ್ದು’, ‘ಡೀಸೆಲ್ ತಗೊಂಡರೆ ದುಡ್ಡು ಉಳಿಯುತ್ತೆ’. ಫ್ಯಾಮಿಲಿ ಗ್ರೂಪಿನಲ್ಲಿ ಇಂತಹ ಒಂದಾದರೂ ಸಂದೇಶ ನಿಮಗೂ ಬಂದಿರುತ್ತದೆ. ಮನೆಯ ನಂತರ ಬಹುತೇಕ ಕುಟುಂಬಗಳು ಮಾಡುವ ಅತಿ ದೊಡ್ಡ ಖರ್ಚು ಕಾರು. ಹಾಗಾಗಿ ಈ ಹೇಳಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಚುಟುಕಾಗಿ ಹೇಳುವುದಾದರೆ: ವಾರಂಟಿ ಎಂದರೆ ಷರತ್ತುಗಳಿರುವ ಒಂದು ಒಪ್ಪಂದ, ಕಾರಿನ ಗುಣಮಟ್ಟಕ್ಕೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಕಾರಿನ ನಿಜವಾದ ಬೆಲೆ ಶೋರೂಂ ಬೋರ್ಡಿನಲ್ಲಿ ಇರುವುದಿಲ್ಲ. ನೀವು ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಎಷ್ಟು ಓಡಿಸುತ್ತೀರಿ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ.

ಹೇಳಿಕೆ 1: ವಾರಂಟಿ ಹೆಚ್ಚಿದ್ದಷ್ಟೂ ಕಾರು ಗಟ್ಟಿ

ಇದು ಅರ್ಧ ಸತ್ಯ. ಯಂತ್ರಗಳು ಕೆಡುವ ರೀತಿಯನ್ನು ಎಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ರೇಖೆಯಲ್ಲಿ ವಿವರಿಸುತ್ತಾರೆ. ತಯಾರಿಕೆಯಲ್ಲಿ ದೋಷವಿದ್ದ ಭಾಗಗಳು ಮೊದಲ ಕೆಲವು ತಿಂಗಳಲ್ಲೇ ಕೈಕೊಡುತ್ತವೆ. ಆಮೇಲೆ ಹಲವು ವರ್ಷ ತೊಂದರೆ ಕಡಿಮೆ. ಕೊನೆಯಲ್ಲಿ ಸವೆತದಿಂದಾಗಿ ರಿಪೇರಿಗಳು ಮತ್ತೆ ಹೆಚ್ಚುತ್ತವೆ. ಸಾಮಾನ್ಯ ವಾರಂಟಿ ಕಾಯುವುದು ತೊಟ್ಟಿಯ ಮೊದಲ ಅಂಚನ್ನು ಮತ್ತು ತಳದ ಒಂದಷ್ಟು ಭಾಗವನ್ನು. ದುಬಾರಿ ರಿಪೇರಿಗಳು ಬರುವ ಕೊನೆಯ ಅಂಚಿನ ಹೊತ್ತಿಗೆ ವಾರಂಟಿ ಸಾಮಾನ್ಯವಾಗಿ ಮುಗಿದಿರುತ್ತದೆ.

ಇನ್ನೊಂದು ಮಾತು. ಎಷ್ಟು ವರ್ಷ ವಾರಂಟಿ ಕೊಡಬೇಕೆಂಬುದು ಕಂಪನಿಯ ವ್ಯಾಪಾರದ ನಿರ್ಧಾರವೂ ಹೌದು. ಮಾರುಕಟ್ಟೆಗೆ ಹೊಸದಾಗಿ ಬಂದ ಕಂಪನಿ ನಂಬಿಕೆ ಗಳಿಸಲೆಂದೇ ಹೆಚ್ಚು ವರ್ಷ ಕೊಡಬಹುದು.

ಸ್ಟಾರ್ ರೇಟಿಂಗ್ ಬಗ್ಗೆಯೂ ಇದೇ ಗೊಂದಲವಿದೆ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಅಳೆಯುವುದು ಅಪಘಾತವಾದಾಗ ಒಳಗಿರುವವರಿಗೆ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದನ್ನು. ಅದನ್ನು ಖಂಡಿತ ನೋಡಿ. ಆದರೆ ಐದು ಸ್ಟಾರ್ ಸಿಕ್ಕ ಕಾರಿನ ಗೇರ್‌ಬಾಕ್ಸ್ ಹತ್ತು ವರ್ಷ ಬಾಳುತ್ತದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ.

ಹೇಳಿಕೆ 2: ವಾರಂಟಿ ಇದ್ದರೆ ಎಲ್ಲವೂ ಫ್ರೀ

ತಪ್ಪು. ಮೊದಲಿಗೆ ‘3 ವರ್ಷ ಅಥವಾ 1 ಲಕ್ಷ ಕಿ.ಮೀ.’ ಎಂಬ ಸಾಲನ್ನು ಪೂರ್ತಿ ಓದಿ. ಅದರ ಮುಂದೆ ‘ಯಾವುದು ಮೊದಲೋ ಅದು’ ಎಂದು ಇರುತ್ತದೆ. ವರ್ಷಕ್ಕೆ 50,000 ಕಿ.ಮೀ. ಓಡಿಸುವವರಿಗೆ ಅದು ಎರಡೇ ವರ್ಷದ ವಾರಂಟಿ.

ಎರಡನೆಯದಾಗಿ, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಫಿಲ್ಟರ್‌ಗಳಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿರುತ್ತವೆ. ಟೈರ್ ಮತ್ತು ಬ್ಯಾಟರಿಗೆ ಅವುಗಳ ತಯಾರಕರದೇ ಬೇರೆ ವಾರಂಟಿ ಇರುತ್ತದೆ. ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಪ್ಯಾಕ್‌ಗೆ ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಕಾರಿನ ಉಳಿದ ಭಾಗಗಳಿಗೆ ಅಷ್ಟು ಇರಬೇಕೆಂದಿಲ್ಲ.

ಮೂರನೆಯದಾಗಿ, ಅಪಘಾತ ಮತ್ತು ಪ್ರವಾಹದ ಹಾನಿ ವಾರಂಟಿಗೆ ಸೇರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತಮುತ್ತ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಅಂತಹ ಹಾನಿಗೆ ಇನ್ಶೂರೆನ್ಸ್ ಬೇಕು. ಅದರಲ್ಲೂ ಒಂದು ತೊಡಕಿದೆ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ, ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಇಲ್ಲದವರ ಕ್ಲೇಮ್ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಕಾರು ನೀರಿನಲ್ಲಿ ಮುಳುಗಿದ್ದರೆ ಕೀಲಿ ತಿರುಗಿಸಬೇಡಿ, ಟೋ ಮಾಡಿಸಿ.

ರೀಕಾಲ್ ಎಂಬುದೂ ವಾರಂಟಿಗಿಂತ ಬೇರೆ. ಸುರಕ್ಷತೆಗೆ ಸಂಬಂಧಿಸಿದ ತಯಾರಿಕಾ ದೋಷ ಕಂಡುಬಂದಾಗ ಕಂಪನಿ ಕಾರುಗಳನ್ನು ಕರೆಸಿಕೊಂಡು ಉಚಿತವಾಗಿ ಸರಿಪಡಿಸುತ್ತದೆ. ಅಗತ್ಯಬಿದ್ದರೆ ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನಿಮ್ಮ ಕಾರು ರೀಕಾಲ್ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಮರೆಯಲೇಬಾರದು.

ಹೇಳಿಕೆ 3: ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು

ಇದೂ ಅರ್ಧ ಸತ್ಯ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಮತ್ತು ರಿಪೇರಿಗೆ ಬೇಕಾದ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ತಡೆದಿದ್ದವು ಎಂಬುದು ಅವುಗಳ ಮೇಲಿದ್ದ ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. ಕಂಪನಿಗಳು ಈ ಆದೇಶವನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಿದವು.

ಹಾಗಾದರೆ ನಾವು ಏನು ಮಾಡಬೇಕು? ಪಂಕ್ಚರ್, ವಾಶ್, ಬಲ್ಬ್ ಬದಲಾವಣೆಯಂತಹ ಕೆಲಸಗಳಿಗೆ ಹೆದರಬೇಕಿಲ್ಲ. ಆದರೆ ವಾರಂಟಿ ಅವಧಿಯಲ್ಲಿ ಸಮಯಕ್ಕೆ ಸರಿಯಾಗಿ ಸರ್ವಿಸ್ ಆಗಿದೆ ಎಂಬುದಕ್ಕೆ ದಾಖಲೆ ಬೇಕು. ವೈರಿಂಗ್ ಕತ್ತರಿಸಿ ಹಾಕುವ ಲೈಟು, ಮ್ಯೂಸಿಕ್ ಸಿಸ್ಟಮ್‌ಗಳೇ ಎಲೆಕ್ಟ್ರಿಕಲ್ ವಾರಂಟಿ ಕೈತಪ್ಪಲು ಸಾಮಾನ್ಯ ಕಾರಣ. ಸರ್ವಿಸ್‌ನಲ್ಲಿ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಅಲ್ಲಿ ನಿಮ್ಮ ಪರ ಮಾತಾಡುವುದು ಬಿಲ್ಲುಗಳೇ.

ಹೇಳಿಕೆ 4: ಡೀಸೆಲ್ ಕೊಂಡರೆ ದುಡ್ಡು ಉಳಿಯುತ್ತೆ

ಎಷ್ಟು ಓಡಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಒಂದು ಉದಾಹರಣೆ ಲೆಕ್ಕ ಮಾಡೋಣ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಕೊಡುತ್ತದೆ. ಆಗ ಪ್ರತಿ ಕಿ.ಮೀ.ಗೆ ಪೆಟ್ರೋಲ್ ಖರ್ಚು 6.87, ಡೀಸೆಲ್ ಖರ್ಚು 4.55 ರೂಪಾಯಿ. ಉಳಿಯುವುದು 2.32 ರೂಪಾಯಿ.

ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಸುಮಾರು 65,000 ಕಿ.ಮೀ. ಓಡಿಸಬೇಕು. ವರ್ಷಕ್ಕೆ 25,000 ಕಿ.ಮೀ. ಓಡಿಸುವವರಿಗೆ ಎರಡೂವರೆ ವರ್ಷ ಸಾಕು. ಆಫೀಸಿಗೆ ಮೆಟ್ರೋದಲ್ಲಿ ಹೋಗಿ, ವಾರಾಂತ್ಯಕ್ಕೆ ಮಾತ್ರ ಕಾರು ತೆಗೆದು, ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ ಎಂಟು ವರ್ಷ ಬೇಕು. ಜೊತೆಗೆ, ಈಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳಲು ಚೆನ್ನಾಗಿ ಬಿಸಿಯಾಗಬೇಕು. ದಿನಾ ಮೂರ್ನಾಲ್ಕು ಕಿ.ಮೀ. ಟ್ರಾಫಿಕ್‌ನಲ್ಲಷ್ಟೇ ಓಡಿದರೆ ಕಟ್ಟಿಕೊಳ್ಳಬಹುದು.

ಎಲ್ಲರೂ ಮೈಲೇಜ್ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ

ವರ್ಷಕ್ಕೆ 10,000 ಕಿ.ಮೀ. ಓಡುವ ಪೆಟ್ರೋಲ್ ಕಾರು ಲೀಟರಿಗೆ 18ರ ಬದಲು 20 ಕಿ.ಮೀ. ಕೊಟ್ಟರೆ ಉಳಿಯುವುದು ವರ್ಷಕ್ಕೆ ಸುಮಾರು 5,700 ರೂಪಾಯಿ. ಇದೇ ಹೊತ್ತಿಗೆ ಕಾರಿನ ಬೆಲೆ ಎಷ್ಟು ಕರಗುತ್ತದೆ ನೋಡಿ. ವಿಮಾ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿ ಐದು ತುಂಬುವ ಕಾರಿಗೆ ಶೇ. 50 ಸವಕಳಿ. ಅಂದರೆ 10 ಲಕ್ಷದ ಕಾರು ವರ್ಷಕ್ಕೆ ಸರಾಸರಿ 1 ಲಕ್ಷ ಕಳೆದುಕೊಳ್ಳುತ್ತದೆ. ಮಾರುಕಟ್ಟೆಯಲ್ಲಿ ಕೆಲವು ಮಾಡೆಲ್‌ಗಳ ಬೆಲೆ ಇದಕ್ಕಿಂತ ನಿಧಾನವಾಗಿ ಇಳಿಯುತ್ತದೆ, ಕೆಲವುದರದ್ದು ಬೇಗ. ಆ ವ್ಯತ್ಯಾಸವೇ ಮೈಲೇಜ್ ಉಳಿತಾಯವನ್ನು ನುಂಗಿಹಾಕಬಲ್ಲದು.

ತೆರಿಗೆಯನ್ನೂ ಗಮನಿಸಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್ ಇದೆ. 10 ಲಕ್ಷದವರೆಗೆ ಶೇ. 14, ಅದನ್ನು ದಾಟಿದರೆ ಶೇ. 17. ಹಾಗಾಗಿ 9.9 ಲಕ್ಷದ ಕಾರಿಗೆ ತೆರಿಗೆ ಸುಮಾರು 1.39 ಲಕ್ಷವಾದರೆ, 10.2 ಲಕ್ಷದ ವೇರಿಯಂಟ್‌ಗೆ 1.73 ಲಕ್ಷ. ಸನ್‌ರೂಫ್‌ಗೆಂದು 30,000 ಹೆಚ್ಚು ಕೊಟ್ಟವರು ತೆರಿಗೆಯಲ್ಲೇ ಇನ್ನೂ 35,000 ಕೊಟ್ಟಿರುತ್ತಾರೆ.

ಇಎಂಐ ಕೂಡ ಹಾಗೆಯೇ. 8 ಲಕ್ಷ ಸಾಲ, ಶೇ. 9 ಬಡ್ಡಿ ಎಂದುಕೊಳ್ಳಿ. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 16,600, ಏಳು ವರ್ಷಕ್ಕೆ 12,900. ಕೇಳಲು ಹಗುರ. ಆದರೆ ಒಟ್ಟು ಬಡ್ಡಿ 1.96 ಲಕ್ಷದಿಂದ 2.81 ಲಕ್ಷಕ್ಕೆ ಏರುತ್ತದೆ. ಮೇಲಾಗಿ ವಾರಂಟಿ ಮುಗಿದು ರಿಪೇರಿ ಶುರುವಾದ ಮೇಲೂ ಕಂತು ಕಟ್ಟುತ್ತಲೇ ಇರಬೇಕಾಗುತ್ತದೆ.

ಬುಕಿಂಗ್‌ಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

• ವಾರಂಟಿ ಪುಸ್ತಕದಲ್ಲಿ ‘ಒಳಗೊಂಡಿಲ್ಲ’ ಎಂಬ ಪುಟ ಎಲ್ಲಿದೆ? ಮೊದಲು ಓದಬೇಕಾದ ಪುಟ ಅದೇ.

• ಎಕ್ಸ್‌ಟೆಂಡೆಡ್ ವಾರಂಟಿ ಯಾವ ಭಾಗಗಳಿಗೆ ಅನ್ವಯಿಸುತ್ತದೆ? ಕಾರನ್ನು ನಾಲ್ಕೇ ವರ್ಷಕ್ಕೆ ಮಾರುವವರಿಗೆ ಏಳು ವರ್ಷದ ವಾರಂಟಿಯ ಪೂರ್ತಿ ಲಾಭ ಸಿಗದು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಪ್ರಯೋಜನವಾಗಬಹುದು.

• ಹೆಡ್‌ಲ್ಯಾಂಪ್, ಬಂಪರ್, ಕ್ಲಚ್ ಸೆಟ್, ಸಸ್ಪೆನ್ಷನ್ ಬೆಲೆ ಎಷ್ಟು? ನಿಮ್ಮ ಊರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ?

• ಮಾಡೆಲ್ ಬಂದು ಎಷ್ಟು ವರ್ಷವಾಯಿತು? ಹೊಚ್ಚ ಹೊಸ ಎಂಜಿನ್, ಗೇರ್‌ಬಾಕ್ಸ್ ಆದರೆ ಒಂದೆರಡು ವರ್ಷ ಕಾದರೆ ಬಳಕೆದಾರರ ಅನುಭವ ತಿಳಿಯುತ್ತದೆ. ಯಾವ ಕಂಪನಿಗೂ ಸೇರದ ಗ್ಯಾರೇಜಿನ ಮೆಕ್ಯಾನಿಕ್‌ನನ್ನು ಕೇಳಿ.

• ಶೋರೂಂ ತೋರಿಸಿದ ಇನ್ಶೂರೆನ್ಸನ್ನೇ ಕೊಳ್ಳಬೇಕೇ? ಬೇಕಿಲ್ಲ. ಬೇರೆ ಕಂಪನಿಗಳ ದರ ಹೋಲಿಸಿ ಆಯ್ದುಕೊಳ್ಳುವ ಹಕ್ಕು ನಿಮ್ಮದು.

ಕೊನೆಯದಾಗಿ

ಕೊಳ್ಳುವ ಬೆಲೆ, ತೆರಿಗೆ, ಬಡ್ಡಿ, ವಿಮೆ, ಇಂಧನ, ಸರ್ವಿಸ್ ಎಲ್ಲವನ್ನೂ ಕೂಡಿಸಿ. ಅದರಲ್ಲಿ ಮಾರುವಾಗ ಸಿಗಬಹುದಾದ ಹಣವನ್ನು ಕಳೆಯಿರಿ. ಬಂದ ಮೊತ್ತವನ್ನು ನೀವು ಓಡಿಸುವ ವರ್ಷಗಳಿಂದ ಭಾಗಿಸಿ. ಎರಡು ಕಾರುಗಳಿಗೆ ಈ ಲೆಕ್ಕ ಪಕ್ಕಪಕ್ಕದಲ್ಲಿ ಬರೆಯಲು ಅರ್ಧ ಗಂಟೆ ಸಾಕು. ಮುಂದಿನ ಬಾರಿ ‘ಈ ಕಾರೇ ಬೆಸ್ಟ್’ ಎಂಬ ಸಂದೇಶ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುವವರಿಗೆ?