ಪುಟ್ಟ ರೈಲುಗಳ ಮೇಳವೂ ಮಹಾಮಾರಿಯೂ

ಮನೆಯ ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಏಕಾಂತದಲ್ಲಿ ಕುಳಿತು, ನಿಜವಾದ ಉಗಿಬಂಡಿಯ 87ರಲ್ಲಿ ಒಂದು ಪಾಲಿನ ಅಳತೆಗೆ ಎಂಜಿನ್ನನ್ನು ಇಳಿಸಿ, ಹದಿನಾರೂವರೆ ಮಿಲಿಮೀಟರ್ ಅಗಲದ ಹಳಿಗಳನ್ನು ಹಲಗೆಗೆ ಬಿಗಿಯುತ್ತ ವರ್ಷಾನುಗಟ್ಟಲೆ ಕಾಲ ಕಳೆಯುವ ಹವ್ಯಾಸಿಗೆ ಜನಸಂದಣಿಯಿಂದ ಆಗಬೇಕಾದದ್ದೇನು ಎಂದು ಹೊರಗಿನವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ವಿದ್ಯೆಯ ಚರಿತ್ರೆಯಲ್ಲಿ ಮೇಳದ ಪಾತ್ರ ಮೊದಲಿನಿಂದಲೂ ಹಿರಿದು. ಜರ್ಮನಿಯ ಗೋಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಸಂಸ್ಥೆಯವರು 1891ರಲ್ಲಿ ಲೈಪ್‌ಜಿಗ್ ನಗರದ ವಸಂತ ಮೇಳಕ್ಕೆ, ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತುವ ಹಳಿಯ ಸಮೇತ, ನಿಯತವಾದ ಗೇಜುಗಳಿಗೆ ಹೊಂದುವ ಆಟದ ರೈಲನ್ನು ತಂದಿಟ್ಟರು; ಹಳಿಗೂ ಬಂಡಿಗೂ ಗೊತ್ತಾದ ಅಳತೆಯೊಂದು ದೊರೆತ ಮೇಲೆ ಮಕ್ಕಳ ಆಟಿಕೆಯಾಗಿದ್ದುದು ಕ್ರಮೇಣ ದೊಡ್ಡವರ ಶಿಲ್ಪವಾಯಿತು. 1910ರಲ್ಲಿ ಲಂಡನ್ನಿನಲ್ಲಿ ಮಾಡೆಲ್ ರೈಲ್ವೆ ಕ್ಲಬ್ ಸ್ಥಾಪಿತವಾಯಿತು. ಅಮೆರಿಕದ ಹವ್ಯಾಸಿಗಳು 1935ರಲ್ಲಿ ಮಿಲ್ವಾಕಿಯಲ್ಲಿ ಸಭೆ ಸೇರಿ ತಮ್ಮ ರಾಷ್ಟ್ರೀಯ ಸಂಘವನ್ನು ಕಟ್ಟಿದಾಗ ಕೈಗೆತ್ತಿಕೊಂಡ ಮುಖ್ಯ ಕಾರ್ಯವೂ, ಒಬ್ಬನು ಮಾಡಿದ ಬೋಗಿ ಇನ್ನೊಬ್ಬನ ಹಳಿಯ ಮೇಲೆ ತಪ್ಪದೆ ಓಡುವಂತೆ ಚಕ್ರಕ್ಕೂ ಹಳಿಗೂ ಸಮಾನ ಪ್ರಮಾಣಗಳನ್ನು ಗೊತ್ತುಪಡಿಸುವುದೇ ಆಗಿತ್ತು. ಪರರ ಹಳಿಯ ಮೇಲೆ ತನ್ನ ಬಂಡಿ ಓಡಬೇಕೆಂಬ ಆಸೆಯೇ ಇಲ್ಲದಿದ್ದರೆ ಇಷ್ಟು ಶ್ರಮ ಯಾರಿಗೆ ಬೇಕಾಗಿತ್ತು?

ಈ ಆಸೆ ನೆರವೇರುತ್ತಿದ್ದುದು ಪ್ರಾಂತ ಪ್ರಾಂತಗಳ ರೈಲು ಮೇಳಗಳಲ್ಲಿ. ಮೆಸಚೂಸೆಟ್ಸಿನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಮ್ಹರ್ಸ್ಟ್ ರೈಲ್ವೆ ಸೊಸೈಟಿ ಜನವರಿಯ ಕೊನೆಯಲ್ಲಿ ನಡೆಸುವ ಮೇಳಕ್ಕೆ ಹಿಮ ಬೀಳುವ ಕಾಲದಲ್ಲಿಯೂ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಬರುತ್ತಿದ್ದರು. ಪೆನ್ಸಿಲ್ವೇನಿಯದ ಯಾರ್ಕ್ ಊರಿನಲ್ಲಿ ಏಪ್ರಿಲಿಗೊಮ್ಮೆ, ಅಕ್ಟೋಬರಿಗೊಮ್ಮೆ ಹಳೆಯ ತಗಡಿನ ರೈಲುಗಳ ಸಂಗ್ರಾಹಕರು ನೆರೆಯುತ್ತಿದ್ದರು. ಇವಲ್ಲದೆ ಚರ್ಚಿನ ಸಭಾಂಗಣ, ಅಗ್ನಿಶಾಮಕ ದಳದ ಭವನ, ಶಾಲೆಯ ವ್ಯಾಯಾಮಶಾಲೆ ಮೊದಲಾದ ಎಡೆಗಳಲ್ಲಿ ವಾರಾಂತ್ಯಕ್ಕೆ ನಡೆಯುತ್ತಿದ್ದ ಸಣ್ಣ ಮೇಳಗಳನ್ನು ಎಣಿಸುವವರಾರು? ನಮ್ಮ ಜಾತ್ರೆಯಿಂದ ಜಾತ್ರೆಗೆ ಗಂಟು ಕಟ್ಟಿಕೊಂಡು ಹೋಗುವ ಬಳೆ ಬತ್ತಾಸಿನ ಅಂಗಡಿಯವರಂತೆ, ಹಳೆಯ ಎಂಜಿನ್ನು, ಬಿಡಿಚಕ್ರ, ಗೊಂಡೆ ಮರಗಳ ಪೆಟ್ಟಿಗೆಗಳನ್ನು ವ್ಯಾನಿಗೆ ತುಂಬಿಕೊಂಡು ಊರೂರು ಸುತ್ತುವ ವ್ಯಾಪಾರಿಗಳಿಗೆ ಇವೇ ಜೀವನಾಧಾರ. ತೀರಿಕೊಂಡ ಹವ್ಯಾಸಿಯ ಸಂಗ್ರಹ ಅವನ ಮಡದಿಯ ಕೈಯಿಂದ ಹೊಸಬರ ಕೈಗೆ ದಾಟುತ್ತಿದ್ದುದೂ ಬಹುಮಟ್ಟಿಗೆ ಈ ಮೇಜುಗಳ ಮೇಲೆಯೇ.

ಮೇಳದ ಅಂತರಂಗವನ್ನು ತಿಳಿಯಬೇಕಾದರೆ ಬಿಡಿಹಲಗೆಗಳ ಪದ್ಧತಿಯನ್ನು ಹತ್ತಿರದಿಂದ ನೋಡಬೇಕು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಕೆಲವರು, ಒಂಬತ್ತು ಮಿಲಿಮೀಟರ್ ಗೇಜಿನ ಎನ್ ಅಳತೆಗಾಗಿ, ಎನ್-ಟ್ರಾಕ್ ಎಂಬ ಏರ್ಪಾಡನ್ನು ರೂಪಿಸಿದರು. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆ. ಅದರ ಮುಂಬದಿಯಲ್ಲಿ ಗೊತ್ತಾದ ಅಂತರದಲ್ಲಿ ಮೂರು ಸಮಾನಾಂತರ ಹಳಿಗಳು. ಮಿಕ್ಕ ಜಾಗದಲ್ಲಿ ಬೆಟ್ಟವೋ, ಸೇತುವೆಯೋ, ಗೋಧಿಯ ಕಣಜವೋ, ಮಾಡಿದವನ ಇಚ್ಛೆ. ಹಳಿಗಳು ಹಲಗೆಯ ಅಂಚಿಗೆ ಮುಟ್ಟುವ ಮೊದಲೇ ನಿಲ್ಲುತ್ತವೆ. ಶನಿವಾರ ಬೆಳಗಿನ ಜಾವ ಭವನದಲ್ಲಿ ಎರಡು ಹಲಗೆಗಳನ್ನು ಒತ್ತಟ್ಟಿಗೆ ತಂದು, ಕಾಲುಗಳ ತಿರುಪನ್ನು ತಿರುಗಿಸಿ ಮಟ್ಟ ಮಾಡಿ, ಕ್ಲಾಂಪು ಬಿಗಿದು, ಆ ಮೇಲೆ ನಡುವಣ ಬರಿದಾದ ಎಡೆಗೆ ಸುಮಾರು ಐದು ಅಂಗುಲದ ಹಳಿತುಂಡನ್ನು ಕೂರಿಸಿದಾಗ, ಅಲ್ಲಿಯವರೆಗೆ ಎಂದೂ ಮುಖ ನೋಡದಿದ್ದ ಇಬ್ಬರ ಭೂಪ್ರದೇಶಗಳು ಒಂದೇ ರೈಲುಮಾರ್ಗದ ಭಾಗಗಳಾಗುತ್ತವೆ. ಮನೆಯಲ್ಲಿ ಆ ಹಲಗೆ ಎರಡೂ ತುದಿ ಕಡಿದ ಒಂದು ತುಂಡು ಮಾತ್ರ. ಅದರ ಮೇಲೆ ರೈಲು ನಾಲ್ಕಡಿ ಹೋಗಿ ನಿಲ್ಲಬೇಕು. ಹವ್ಯಾಸಿ ಏಕಾಂತದಲ್ಲಿ ಮಾಡಿದ್ದು ಪೂರ್ಣವಾಗುವುದಕ್ಕೆ ಅನ್ಯರು ಪಕ್ಕದಲ್ಲಿ ನಿಲ್ಲುವುದು ಹೀಗೆ ಅಕ್ಷರಶಃ ಅವಶ್ಯಕವಾಗಿತ್ತು.

ಈ ಪರಂಪರೆಗೆ ಹಿಂದೆಯೂ ಒಮ್ಮೆ ವಿಘ್ನ ಬಂದುದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವೆಲ್ಲ ಆಯುಧಗಳಿಗೆ ಮೀಸಲಾಗಿ, 1942ರಲ್ಲಿ ಅಮೆರಿಕದ ಲಯನೆಲ್ ಸಂಸ್ಥೆ ಆಟದ ರೈಲುಗಳ ತಯಾರಿಕೆಯನ್ನು ನಿಲ್ಲಿಸಿ, ಮರುವರ್ಷ ಕ್ರಿಸ್ಮಸಿನ ಮಾರಾಟಕ್ಕೆ ರಟ್ಟಿನ ರೈಲನ್ನು ಹೊರತಂದಿತು. ಮಡಿಸಿ ಜೋಡಿಸುವಷ್ಟರಲ್ಲಿ ತಂದೆ ಮಕ್ಕಳಿಬ್ಬರ ತಾಳ್ಮೆಯನ್ನೂ ಪರೀಕ್ಷಿಸುತ್ತಿದ್ದ ಆ ರಟ್ಟಿನ ರೈಲು ಇಂದು ಸಂಗ್ರಾಹಕರಿಗೆ ಅಮೂಲ್ಯವಾಗಿದೆಯೆಂಬುದು ಕಾಲದ ವಿನೋದ. ಆಗ ಇದ್ದ ಅಭಾವ ವಸ್ತುವಿನದು. 2020ರಲ್ಲಿ ಕೊರೋನಾ ಮಹಾಮಾರಿಯಿಂದ ಒದಗಿದ ಅಭಾವದ ಸ್ವರೂಪವೇ ಬೇರೆ; ಅದು ಜನ ಒಂದೆಡೆ ಸೇರುವುದರ ಅಭಾವ.

ಸ್ಕಾಟ್ಲೆಂಡಿನ ಹವ್ಯಾಸಿಗಳು ಆ ವರ್ಷದ ಫೆಬ್ರವರಿಯಲ್ಲಿ ಗ್ಲಾಸ್ಗೋ ನಗರದ ಪ್ರದರ್ಶನ ಭವನದಲ್ಲಿ ತಮ್ಮ ವಾರ್ಷಿಕ ಮೇಳವನ್ನು ಎಂದಿನಂತೆ ನೆರವೇರಿಸಿದ್ದರು. ಏಪ್ರಿಲ್ ಕಳೆಯುವುದರೊಳಗೆ ಅದೇ ಭವನ ಲೂಯಿಸಾ ಜೋರ್ಡನ್ ಎಂಬ ದಾದಿಯ ಹೆಸರಿನ ತಾತ್ಕಾಲಿಕ ಆಸ್ಪತ್ರೆಯಾಗಿ ಮಾರ್ಪಟ್ಟಿತು. ಬ್ರಿಟನ್ನಿನ ಹಿರಿಯ ಮೇಳಗಳಲ್ಲೊಂದಾದ ವಾರ್ಲಿ ಪ್ರದರ್ಶನ ಪ್ರತಿ ನವೆಂಬರಿನಲ್ಲಿ ನಡೆಯುತ್ತಿದ್ದ ಬರ್ಮಿಂಗ್‌ಹ್ಯಾಮಿನ ರಾಷ್ಟ್ರೀಯ ಪ್ರದರ್ಶನ ಕೇಂದ್ರವೂ ನೈಟಿಂಗೇಲ್ ಎಂಬ ಹೆಸರಿನ ತಾತ್ಕಾಲಿಕ ಆಸ್ಪತ್ರೆಯಾಯಿತು; ಸುದೈವದಿಂದ ಅಲ್ಲಿಗೆ ಒಬ್ಬ ರೋಗಿಯನ್ನೂ ಸೇರಿಸಬೇಕಾಗಿ ಬರಲಿಲ್ಲ. ಅಮೆರಿಕದಲ್ಲಿ, ವರ್ಷಕ್ಕೆ ಹಲವು ಬಾರಿ ರೈಲು ಮೇಳ ನಡೆಯುತ್ತಿದ್ದ ಮೇರಿಲೆಂಡಿನ ಟಿಮೋನಿಯಂ ಮೈದಾನದ ಭವನಗಳಲ್ಲಿ 2021ರಲ್ಲಿ ಲಸಿಕೆಯ ಸಾಲು ನಿಂತಿತು. ಯಾರ್ಕಿನ ಕೂಟ ಮೂರು ಬಾರಿ ನಿಂತುಹೋಯಿತು. ರಾಷ್ಟ್ರೀಯ ಸಂಘದವರು 2020ರ ಬೇಸಗೆಗೆ ಸೇಂಟ್ ಲೂಯಿಸಿನಲ್ಲಿ ಏರ್ಪಡಿಸಿದ್ದ ಸಮ್ಮೇಳನವೂ ರದ್ದಾಯಿತು. ಈ ಹವ್ಯಾಸದಲ್ಲಿ ತೊಡಗಿದವರಲ್ಲಿ ಅರುವತ್ತು ದಾಟಿದವರೇ ಬಹಳ; ರೋಗ ಅತ್ಯಂತ ನಿರ್ದಯವಾಗಿದ್ದುದೂ ಆ ವಯಸ್ಸಿನವರ ಮೇಲೆಯೇ. ಮಾದರಿಯ ಹಿಂಬದಿಯ ಇಕ್ಕಟ್ಟಾದ ಕಿಂಡಿಯಲ್ಲಿ ನಾಲ್ವರು ಚಾಲಕರು ಭುಜಕ್ಕೆ ಭುಜ ತಾಗಿಸಿ ನಿಲ್ಲುವ, ಮುಂಬದಿಯಲ್ಲಿ ಪ್ರೇಕ್ಷಕರು ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕುವ ಈ ವ್ಯವಹಾರದಲ್ಲಿ ಆರಡಿಯ ಅಂತರಕ್ಕೆ ಆಸ್ಪದವೆಲ್ಲಿ?

ವಿಚಿತ್ರವೆಂದರೆ, ಮೇಳಗಳು ಮುಚ್ಚಿದ ಈ ಕಾಲವೇ ಹವ್ಯಾಸಕ್ಕೆ ಸುಭಿಕ್ಷವಾಯಿತು. ಗೃಹಬಂಧನದಲ್ಲಿದ್ದ ಜನ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಮೆರ್ಕ್ಲಿನ್ ಸಂಸ್ಥೆಗೆ ಬೇಡಿಕೆ ಏರಿತು. ಹಲವು ವರ್ಷ ನಷ್ಟದಲ್ಲಿ ತೊಳಲುತ್ತಿದ್ದ ಬ್ರಿಟನ್ನಿನ ಹಾರ್ನ್‌ಬಿ ಸಂಸ್ಥೆ 2021ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಲಾಭದ ಮುಖ ಕಂಡಿತು. ಕೊರತೆ ಬಿದ್ದದ್ದು ಅನಿರೀಕ್ಷಿತವಾದ ಒಂದು ದ್ರವಕ್ಕೆ. ಹಳಿಗಳ ಮೇಲೋ ಚಕ್ರಗಳ ಮೇಲೋ ಕಪ್ಪು ಕಟ್ಟಿದರೆ ವಿದ್ಯುತ್ತು ಎಂಜಿನ್ನಿಗೆ ಸರಿಯಾಗಿ ಹರಿಯದು. ಆದುದರಿಂದ ಕಾಗದದ ಒರಸುಹಾಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಹಳಿಗೆ ಅಡ್ಡಲಾಗಿ ಹಾಸಿ, ಎಂಜಿನ್ನಿನ ಒಂದು ತುದಿಯ ಚಕ್ರಗಳನ್ನು ಅದರ ಮೇಲಿಟ್ಟು, ಇನ್ನೊಂದು ತುದಿಯನ್ನು ಬರಿಯ ಹಳಿಯ ಮೇಲಿರಿಸಿ ಕೈಯಲ್ಲಿ ಹಿಡಿದು ಓಡಿಸುತ್ತಾರೆ. ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿ ಹಾಳೆಯ ಮೇಲೆ ಎರಡು ಕರಿಯ ಗೆರೆಗಳನ್ನು ಬಿಡುತ್ತವೆ. 2020ರ ವಸಂತದಲ್ಲಿ ಲೋಕವೆಲ್ಲ ಅದೇ ಆಲ್ಕೊಹಾಲಿನಿಂದ ಕೈ ಒರಸಿಕೊಳ್ಳತೊಡಗಲು, ಔಷಧದ ಅಂಗಡಿಯಲ್ಲಿ ಅದರ ಸೀಸೆ ದುರ್ಲಭವಾಯಿತು.

ಸಮ್ಮೇಳನಕ್ಕೆ ಬದಲಾಗಿ ರಾಷ್ಟ್ರೀಯ ಸಂಘ ಅಂತರ್ಜಾಲದಲ್ಲಿ ಉಪನ್ಯಾಸಗಳನ್ನೂ ಮಾದರಿಗಳ ವೀಕ್ಷಣೆಯನ್ನೂ ಏರ್ಪಡಿಸಿತು. ಮನೆಯಲ್ಲೇ ಕುಳಿತು ಕ್ಯಾಮೆರಾದ ಮೂಲಕ ದೂರದ ಗೆಳೆಯನ ರೈಲನ್ನು ನಡೆಸಿದವರೂ ಉಂಟು. ಕ್ಯಾಮೆರಾ ಸುರಂಗದೊಳಕ್ಕೂ ಹೋಗಬಲ್ಲುದು, ಮೇಳದಲ್ಲಿ ಕತ್ತು ನೀಳ ಮಾಡಿದವನಿಗೆ ಕಾಣದ್ದನ್ನು ತೋರಿಸಬಲ್ಲುದು, ಇದನ್ನು ಅಲ್ಲಗಳೆಯಲಾಗದು. ಆದರೂ ಕಲಿಯುವವನಿಗೆ ಮೇಳವೇ ಮೇಲೆಂದು ನನ್ನ ಎಣಿಕೆ. ಏಕೆಂದರೆ ಚಿತ್ರೀಕರಿಸಿದ ರೈಲು ಹಳಿ ತಪ್ಪಿದ್ದನ್ನು ಕತ್ತರಿಸಿ ಬಿಡಬಹುದು, ಜನರೆದುರಿಗೆ ತಪ್ಪಿದಾಗ ಮುದುಕನೊಬ್ಬನು ಬೋಗಿಯನ್ನೆತ್ತಿ ತಿರುಗಿಸಿ ಚಕ್ರದ ಅಂತರವನ್ನು ಅಳೆದು ತೋರಿಸಲೇಬೇಕಾಗುತ್ತದೆ.

ಯಾರ್ಕಿನಲ್ಲಿ 2021ರ ಅಕ್ಟೋಬರಿನಲ್ಲಿ ಮತ್ತೆ ಮೇಜುಗಳು ಹರಡಿದವು. ಜನವರಿ 2021ರಲ್ಲಿ ನಿಂತಿದ್ದ ಆಮ್ಹರ್ಸ್ಟ್ ಸೊಸೈಟಿಯ ಮೇಳ ಮರುವರ್ಷ ನಡೆಯಿತು. ಸೇಂಟ್ ಲೂಯಿಸಿನ ಸಮ್ಮೇಳನ ಎರಡು ವರ್ಷ ತಡವಾಗಿ 2022ರಲ್ಲಿ ಕೂಡಿತು. ಎರಡು ನವೆಂಬರುಗಳನ್ನು ಕಳೆದುಕೊಂಡಿದ್ದ ವಾರ್ಲಿಯವರೂ ಆ ವರ್ಷವೇ ಬರ್ಮಿಂಗ್‌ಹ್ಯಾಮಿಗೆ ಮರಳಿದರು. ಆದರೆ ಅಷ್ಟು ದೊಡ್ಡ ಭವನವನ್ನು ಬಾಡಿಗೆಗೆ ಹಿಡಿದು ತುಂಬಿಸುತ್ತಿದ್ದುದು ಒಂದು ಹವ್ಯಾಸಿ ಸಂಘ; 2023ರ ನವೆಂಬರಿನ ಮೇಳದ ಅನಂತರ ಆ ಭಾರವನ್ನು ಅವರು ಇಳಿಸಿಬಿಟ್ಟರು. ಬಾಡಿಗೆ ಅಲ್ಪವಾಗಿ, ಚಹಾ ಕಾಯಿಸುವುದಕ್ಕೆ ಸದಸ್ಯರ ಮನೆಯವರೇ ಬರುವ ಊರ ಸಭಾಂಗಣದ ಮೇಳಗಳು ಮಾತ್ರ ತಮ್ಮ ಶನಿವಾರಗಳಿಗೆ ಹಿಂತಿರುಗಿವೆ.