ಪಿನೋಚೆ ತಾನೇ ಕರೆದ ಮತದಾನ

1973ರ ಸೆಪ್ಟೆಂಬರ್ 11ರಂದು ಚಿಲಿಯ ಚುನಾಯಿತ ಸರ್ಕಾರವನ್ನು ಉರುಳಿಸಿದ ಅಗಸ್ಟೊ ಪಿನೋಚೆಗೆ ಬಂದೂಕೊಂದೇ ಸಾಲಲಿಲ್ಲ, ಕಾನೂನಿನ ಮುದ್ರೆಯೂ ಬೇಕಾಯಿತು. 1980ರಲ್ಲಿ ಹೊಸ ಸಂವಿಧಾನಕ್ಕೆ ಜನಮತ ಕೇಳಿದ. ಮತದಾರರ ಪಟ್ಟಿಗಳನ್ನು ಸೇನಾಡಳಿತ ಅದಾಗಲೇ ಸುಟ್ಟುಹಾಕಿತ್ತು. ಮತಪತ್ರದಲ್ಲಿ ‘ಹೌದು’ ಪಕ್ಕ ನಕ್ಷತ್ರ, ‘ಬೇಡ’ದ ಪಕ್ಕ ಕರಿ ಬೊಟ್ಟು. ಖಾಲಿ ಬಿಟ್ಟ ಮತಪತ್ರವೂ ‘ಹೌದು’ ಲೆಕ್ಕಕ್ಕೇ ಜಮೆ! ಗೆಲ್ಲದೆ ಇದ್ದೀತೇ?

ಅದೇ ವರ್ಷದ ನವೆಂಬರ್‌ನಲ್ಲಿ ಉರುಗ್ವೆಯ ಸೇನಾಡಳಿತವೂ ಜನಮತಕ್ಕೆ ಹೋಗಿ, ಸುಮಾರು ಶೇ 57 ಮಂದಿ ಬೇಡವೆಂದಿದ್ದರಿಂದ ಮುಗ್ಗರಿಸಿತು. 1977ರಲ್ಲಿ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ ಚುನಾವಣೆ ಘೋಷಿಸಿದ ಇಂದಿರಾ ಗಾಂಧಿಯವರೂ ರಾಯ್‌ಬರೇಲಿಯಲ್ಲೇ ಸೋತಿದ್ದರು. (ಆಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೇ ಕೊಟ್ಟಿತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.) ಪಿನೋಚೆಗೆ ಮಾತ್ರ ಅಳುಕಿರಲಿಲ್ಲ. 1988ರಲ್ಲಿ ಮತ್ತೊಂದು ಜನಮತ, ಗೆದ್ದರೆ ಇನ್ನೆಂಟು ವರ್ಷ ಗದ್ದುಗೆ ಎಂದು ಅವನ ಸಂವಿಧಾನವೇ ಹೇಳುತ್ತಿತ್ತು.

ಅವನ ದಾರಿಗೆ ಮೊದಲು ಅಡ್ಡ ಬಂದದ್ದು ಅವನದೇ ವ್ಯವಸ್ಥೆಯ ಸಂವಿಧಾನ ನ್ಯಾಯಮಂಡಳಿ. ಚುನಾವಣಾ ನ್ಯಾಯಮಂಡಳಿಯ ಉಸ್ತುವಾರಿಯಿಲ್ಲದೆ ಈ ಜನಮತ ನಡೆಯಕೂಡದೆಂದು 1985ರಲ್ಲಿ ಅದು ತೀರ್ಪಿತ್ತಿತು. 1987ರ ಫೆಬ್ರುವರಿಯಲ್ಲಿ ಮತದಾರರ ನೋಂದಣಿ ಶುರುವಾದಾಗ ಮೊದಲ ಹೆಸರು ಬರೆಸಿದವನು ಸ್ವತಃ ಪಿನೋಚೆ. ಹೆಸರು ಬರೆಸಿದರೆ ಅವನ ಆಟವನ್ನು ಒಪ್ಪಿದಂತಲ್ಲವೇ ಎಂದು ವಿರೋಧಿಗಳು ತಮ್ಮತಮ್ಮಲ್ಲೇ ಜಗಳವಾಡಿದರು. ಕೊನೆಗೆ ಪಟ್ಟಿ ಸೇರಿದವರು ಸುಮಾರು 74 ಲಕ್ಷ ಮಂದಿ.

ಎರಡೂ ಬಣಗಳಿಗೆ ರಾತ್ರಿ ಟಿವಿಯಲ್ಲಿ ಹದಿನೈದು ಹದಿನೈದು ನಿಮಿಷ ಸಿಕ್ಕಿತು. ಕಾಮನಬಿಲ್ಲಿನ ಲಾಂಛನ ಹೊತ್ತ ‘ಬೇಡ’ ಬಣ ಹಾಡಿತು, ನಗಿಸಿತು. 2012ರಲ್ಲಿ ಬಂದ ‘ನೋ’ ಸಿನಿಮಾ ಗೆಲುವಿನ ಕಿರೀಟವನ್ನು ಜಾಹೀರಾತಿನವರ ತಲೆಗೇ ಇಟ್ಟಿತು. ಇದು ಅರ್ಧ ಸತ್ಯ. ಊರೂರು ಅಲೆದು ಹೆಸರು ಬರೆಸಿದವರಿಗೆ, ಮತಗಟ್ಟೆಯಲ್ಲಿ ಎಣಿಕೆ ಮುಗಿಯುವವರೆಗೆ ಕದಲದೆ ಕೂತು ಅಂಕಿ ರವಾನಿಸಿದ ಏಜೆಂಟರಿಗೆ ಪರದೆಯ ಮೇಲೆ ಅಷ್ಟು ಜಾಗವಿಲ್ಲ.

ಅಕ್ಟೋಬರ್ 5ರ ರಾತ್ರಿ ಕೆಲಸಕ್ಕೆ ಬಂದದ್ದು ಆ ಅಂಕಿಗಳೇ. ಬೆರಳೆಣಿಕೆಯ ಮತಗಟ್ಟೆಗಳ ಲೆಕ್ಕ ಹಿಡಿದು ‘ಹೌದು’ ಮುಂದಿದೆಯೆಂದ ಸರ್ಕಾರ ಆಮೇಲೆ ಗಂಟೆಗಟ್ಟಲೆ ಬಾಯಿ ಬಿಡಲಿಲ್ಲ. ವಿರೋಧಿಗಳು ತಮ್ಮದೇ ಎಣಿಕೆಯನ್ನು ಪ್ರಕಟಿಸುತ್ತ ಹೋದರು. ನಡುರಾತ್ರಿ ಕಳೆದ ಮೇಲೆ ಅಧ್ಯಕ್ಷರ ಭವನ ಲಾ ಮೊನೆದಾಕ್ಕೆ ಬಂದ ವಾಯುಪಡೆ ಮುಖ್ಯಸ್ಥ ಫರ್ನಾಂಡೊ ಮಾಟೆಯ್, ‘ಬೇಡ’ ಗೆದ್ದಿದೆಯೆಂದು ಬಾಗಿಲಲ್ಲೇ ಪತ್ರಕರ್ತರಿಗೆ ಹೇಳಿಬಿಟ್ಟ. ಒಳಗೆ ಪಿನೋಚೆ ವಿಶೇಷಾಧಿಕಾರ ಕೇಳುವ ಕಾಗದವನ್ನು ಸಹಿಗೆ ಮುಂದಿಟ್ಟನೆಂದೂ ತಾನದನ್ನು ಹರಿದುಹಾಕಿದೆನೆಂದೂ ಮಾಟೆಯ್ ಮುಂದೆ ಹೇಳಿಕೊಂಡ. ‘ಬೇಡ’ಕ್ಕೆ ಬಿದ್ದದ್ದು ಸಿಂಧು ಮತಗಳ ಶೇ 56ರಷ್ಟು.

1990ರ ಮಾರ್ಚ್‌ನಲ್ಲಿ ಪ್ಯಾಟ್ರಿಸಿಯೊ ಐಲ್ವಿನ್ ಅಧ್ಯಕ್ಷರಾದರು. ಪಿನೋಚೆ 1998ರವರೆಗೆ ಸೇನಾ ಮುಖ್ಯಸ್ಥನಾಗಿಯೇ ಉಳಿದು, ಬಳಿಕ ಆಜೀವ ಸೆನೆಟರ್ ಆದ. ಅವನ ಸಂವಿಧಾನವನ್ನು ಬದಲಿಸಲು ಸಿದ್ಧಪಡಿಸಿದ ಎರಡು ಕರಡುಗಳನ್ನು 2022ರಲ್ಲೂ 2023ರಲ್ಲೂ ಚಿಲಿಯ ಮತದಾರರೇ ತಿರಸ್ಕರಿಸಿದರು. ಹಲವು ತಿದ್ದುಪಡಿಗಳೊಡನೆ 1980ರ ಆ ಪಠ್ಯವೇ ಜಾರಿಯಲ್ಲಿ ಉಳಿಯಿತು.