ಮಿಗ್ ಬೇಡ, ಮಿಸ್ಟೇರ್ ಸಾಕು

ನಾವು ನಾಲ್ಕು ಜನ ಗೆಳೆಯರು ಭಾನುವಾರ ಸಂಜೆ ಸೇರಿ ಒಂದು ಆಟ ಆಡ್ತೀವಿ. ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಅದರಲ್ಲಿ ಪಾತ್ರಗಳಾಗ್ತಾರೆ. (ಹೆಂಡತಿ ಪ್ರಕಾರ ಇದು ನಲವತ್ತು ದಾಟಿದವರ ಮನೆಯಾಟ :) ) ಈ ಸಲ ಕಥೆ ನನ್ನದು. 1965ರ ಭಾರತ-ಪಾಕ್ ಯುದ್ಧ, ವಾಯುಪಡೆಯ ಒಂದು ಫೈಟರ್ ಸ್ಕ್ವಾಡ್ರನ್, ನೀವೆಲ್ಲ ಪೈಲಟ್‌ಗಳು ಅಂದೆ. ಮೂವರೂ ಒಟ್ಟಿಗೆ "ಮಿಗ್-21!" ಅಂದರು.

ಆಸೆಯೇನೋ ಸರಿ. ಆದರೆ ಆ ಸೆಪ್ಟೆಂಬರಿನಲ್ಲಿ ನಮ್ಮ ಹತ್ತಿರ ಇದ್ದ ಮಿಗ್-21ಗಳು ಬೆರಳೆಣಿಕೆಯಷ್ಟು. ಹಾಗಾದ್ರೆ ನಮ್ಮ ಬೆಂಗಳೂರಿನ ಮಾರುತ್ ಕೊಡು ಅಂದ ಇನ್ನೊಬ್ಬ. ಮಾರುತ್ ಮೊದಲು ಹಾರಿದ್ದು 1961ರಲ್ಲಿ, ನಿಜ. ಸ್ಕ್ವಾಡ್ರನ್ ಸೇರಿದ್ದು 1967ರಲ್ಲಿ. ಊರಿನ ಅಭಿಮಾನಕ್ಕೆ ಎರಡು ವರ್ಷ ಹಿಂದೆ ತರೋಕಾಗುತ್ತಾ?

ವ್ಯಾಂಪೈರ್ ಕೊಡೋಣ ಅಂದ್ರೆ ಮನಸ್ಸು ಬರಲಿಲ್ಲ. ಸೆಪ್ಟೆಂಬರ್ 1ರ ಸಂಜೆ ಛಾಂಬ್‌ನಲ್ಲಿ ನಾಲ್ಕು ವ್ಯಾಂಪೈರ್ ಕಳಕೊಂಡ ಮೇಲೆ ವಾಯುಪಡೆಯೇ ಅವನ್ನು ಮುಂಚೂಣಿಯಿಂದ ಹಿಂದಕ್ಕೆ ತೆಗೆದುಕೊಂಡಿತ್ತು. ನ್ಯಾಟ್ ಪುಟ್ಟದು, ಚುರುಕು, ಆದರೆ ಬೇಕಾದ ಹೊತ್ತಿಗೇ ಅದರ ಗನ್ ಸಿಕ್ಕಿಹಾಕಿಕೊಳ್ಳೋದು. ಹಂಟರ್ ಎಲ್ಲಕ್ಕಿಂತ ಭರವಸೆಯದ್ದು. ಅದನ್ನೇ ಕೊಡಬಹುದಿತ್ತು.

ನಾನು ಆರಿಸಿದ್ದು ಮಿಸ್ಟೇರ್. ಫ್ರಾನ್ಸಿನಿಂದ 1957ರಿಂದ ತರಿಸಿದ್ದು. ಎರಡು 30 ಮಿ.ಮೀ. ಗನ್, ರಾಕೆಟ್, ಬಾಂಬು. 1965ರ ಹೊತ್ತಿಗೆ ಅದರ ಮುಖ್ಯ ಕೆಲಸ ನೆಲದ ಮೇಲಿನ ದಾಳಿ. ಗೆಳೆಯರ ಮುಖ ಸಪ್ಪೆಯಾಯ್ತು. ಇನ್ನೂ ಸಪ್ಪೆಯಾಗೋ ಹಾಗೆ ನಾನು ನಿಯಮದ ಹಾಳೆಯಲ್ಲಿ ಒಂದು ಸಾಲು ಬರೆದಿದ್ದೆ: ಸ್ಟಾರ್‌ಫೈಟರ್ ಎದುರಾದರೆ ಮಿಸ್ಟೇರ್‌ಗೆ ಗೆಲುವಿಲ್ಲ, ದಾಳ ಹಾಕೋದೂ ಬೇಡ. ಒಂದು ಶಬ್ದದ ಎರಡರಷ್ಟು ವೇಗದ್ದು, ಇನ್ನೊಂದು ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ್ದು. ಲೆಕ್ಕ ಸರಿಯಾಗೇ ಇತ್ತಲ್ಲ!

ರಾತ್ರಿ ಮಲಗಿದ ಮೇಲೆ ದೇವಯ್ಯ ನೆನಪಾದರು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ಕೊಡಗಿನವರು, ಆಗ 32 ವರ್ಷ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರದ್ದು ಮೀಸಲು ವಿಮಾನ. ಯಾರಾದರೂ ಹಿಂದುಳಿದರೆ ಮಾತ್ರ ಸರದಿ. ಸರದಿ ಬಂತು, ಹೋದರು. ಅಲ್ಲಿ ಅಮ್ಜದ್ ಹುಸೇನ್ ಎಂಬ ಪೈಲಟ್ ಸ್ಟಾರ್‌ಫೈಟರ್‌ನಲ್ಲಿ ಮೇಲೆರಗಿ ಗುಂಡು ಹೊಡೆದರು. ಪೆಟ್ಟು ತಿಂದ ಮಿಸ್ಟೇರನ್ನೇ ತಿರುಗಿಸಿ ದೇವಯ್ಯ ಕಾದಾಡಿದರು. ಸ್ಟಾರ್‌ಫೈಟರ್ ಬಿತ್ತು, ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಇಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ನೋಡಿದ ಜೊತೆಗಾರರಿಲ್ಲ, ನಮ್ಮ ದಾಖಲೆಯಲ್ಲಿ ಅವರು ಕಾಣೆಯಾದವರು. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ಬಗ್ಗೆ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಕಥೆ ಹೊರಬಂತು. ಅಂದರೆ ಎದುರಾಳಿಯ ಬಾಯಿಂದ! ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದಮೇಲೆ.

ಹಾಗಾದ್ರೆ ನನ್ನ ಲೆಕ್ಕ ತಪ್ಪಿದ್ದೆಲ್ಲಿ? ಸ್ಟಾರ್‌ಫೈಟರ್‌ನ ರೆಕ್ಕೆ ತೀರಾ ಚಿಕ್ಕದು. ನೇರ ಓಟದಲ್ಲಿ ಅದನ್ನು ಹಿಡಿಯೋರಿಲ್ಲ. ಆದರೆ ನೆಲದ ಹತ್ತಿರ, ವೇಗ ಇಳಿಸಿ, ಸುತ್ತಿ ಸುತ್ತಿ ಕಾದಾಡೋಕೆ ನಿಂತರೆ ಅದಕ್ಕೆ ಕಷ್ಟ. ನಾನು ಹಾಳೆಯಲ್ಲಿ ವೇಗ ಬರೆದಿದ್ದೆ, ತಿರುವು ಬರೆದಿರಲಿಲ್ಲ. ಇಂಧನವನ್ನಂತೂ ಮರೆತೇಬಿಟ್ಟಿದ್ದೆ. ಆದಂಪುರದಿಂದ ಸರ್ಗೋಧಾಕ್ಕೆ ಸುಮಾರು 300 ಕಿ.ಮೀ. ನೆಲಕ್ಕಂಟಿ ಹಾರಿದರೆ ಇಂಧನ ಬೇಗ ಮುಗಿಯುತ್ತೆ. ಕಾದಾಡೋಕೆ ತಿರುಗಿದವನಿಗೆ ಮನೆ ಅಷ್ಟು ದೂರ ಆಯ್ತು ಅಂತಲೇ ಲೆಕ್ಕ.

ಆ ಸಾಲು ಹೊಡೆದು ಹಾಕಿದೆ. ಈಗ ಪ್ರತಿ ಪೈಲಟ್ ಮುಂದೆ ಹನ್ನೆರಡು ಹುಣಿಸೆ ಬೀಜ, ಅದೇ ಇಂಧನ. ಒಂದು ತಿರುವಿಗೆ ಒಂದು ಬೀಜ. ದೇವಯ್ಯನವರ ಹೆಸರಿನ ಪಾತ್ರ ಮಾತ್ರ ಇಟ್ಟಿಲ್ಲ, ಅವರ ಬದಲು ದಾಳ ಹಾಕೋಕೆ ನಾವ್ಯಾರು?

ಕಳೆದ ವಾರ ಮೊದಲ ಹಾರಾಟ ಆಯ್ತು. ಮಿಗ್ ಕೇಳಿದ್ದ ಗೆಳೆಯ ತನ್ನ ಸರದಿಯಲ್ಲಿ ದಾಳ ಮುಟ್ಟದೆ ತುಂಬಾ ಹೊತ್ತು ಬೀಜ ಎಣಿಸ್ತಾ ಕೂತಿದ್ದ. ಐದು ಉಳಿದಿದ್ದವು. ಮನೆಗೆ ನಾಲ್ಕು ಬೇಕಿತ್ತು.